ಅಮಾವಾಸ್ಯೆಯ ಕೆಮ್ಮಿಗೆ ಕಿವಿಗೊಡುವ ಉಡಚವ್ವ

ಈಗಷ್ಟೇ ಬೆಳಕು ಹರಿಯುತ್ತಿದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಹಮಾಲರ ಓಣಿಯಲ್ಲಿ ಗುಲಾಬಿ ಸೀರೆಯ ಹೆಂಗಸೊಬ್ಬರು ಯಾವ ಬಾಗಿಲನ್ನೂ ಬಡಿಯದೆ ಸುಮ್ಮನೆ ನಿಂತಿದ್ದಾರೆ. ನೀರಿಗೆ ಬಂದವರು ಮಾತನಾಡಿಸಿದರೆ ತುಟಿಯ ಮೇಲೆ ಬೆರಳಿಡುತ್ತಾರೆ. ಅವರು ಕಾಯುತ್ತಿರುವುದು ಕೆಮ್ಮಿನ ಸದ್ದಿಗೆ.

ಇಂದು ಅಮಾವಾಸ್ಯೆ, ಪೇಟೆಗೆ ರಜೆ. ಚೀಲ ಎತ್ತುವವರಿಲ್ಲ, ತೊಟ್ಟು ಬಿಡಿಸುವವರಿಲ್ಲ, ಗಾಳಿಯಲ್ಲಿ ಘಾಟಿಲ್ಲ. "ಬ್ಯಾರೆ ದಿನ ಊರಿಗೆ ಊರ ಕೆಮ್ಮತೈತ್ರಿ. ಅದರಾಗ ಖಾರದ ಕೆಮ್ಮು ಯಾವುದು, ಜಡ್ಡಿನ ಕೆಮ್ಮು ಯಾವುದು ಗೊತ್ತಾಗೂದು ಹೆಂಗ? ಖಾರ ಇಲ್ಲದ ದಿನಾನೂ ಕೆಮ್ಮಿದವರ ಮನಿಗೆ ನಾ ಹೋಗ್ತೀನಿ," ಎನ್ನುತ್ತಾರೆ ಆಶಾ ಕಾರ್ಯಕರ್ತೆ ಉಡಚವ್ವ. ಹೆಗಲ ಚೀಲದಲ್ಲಿ ಒಗೆದು ಮಡಚಿದ ಬಿಳಿ ಅರಿವೆಯ ತುಂಡುಗಳಿವೆ. ಅವು ತೀರಿಹೋದ ಗಂಡ ಕರಬಸಪ್ಪನ ಧೋತರದವು.

ಕರಬಸಪ್ಪ ಇದೇ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದವರು. ಹಮಾಲರ ಟವೆಲ್ಲು ಯಾವಾಗಲೂ ಕೆಂಪು. ಕರಬಸಪ್ಪ ಕೆಮ್ಮಿದ ಕಫದ ರಕ್ತ ಆ ಕೆಂಪಿನಲ್ಲಿ ಮರೆಯಾಯಿತು. "ನಾಕು ತಿಂಗಳ ನಾನ ಒಗದೇನ್ರಿ ಆ ಟಾವೆಲ್. ಮೆಣಸಿನಕಾಯಿ ಬಣ್ಣ ಅಂತ ತಿಳಕೊಂಡೆ. ಈ ಕೈಲೇ ಒಗದೆ," ಎಂದು ಅಂಗೈ ನೋಡಿಕೊಳ್ಳುತ್ತಾರೆ. ಕೊನೆಗೆ ವೈದ್ಯರು ಹಾವೇರಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರೆ, ಕರಬಸಪ್ಪ ಅದನ್ನು ದೇವರ ಜಗಲಿಯ ಮೇಲಿಟ್ಟು ಹಂಗಾಮು ಮುಗಿಯಲೆಂದು ಕಾದರು. ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಪುಪ್ಪುಸದ ಕ್ಯಾನ್ಸರ್ ಬೆನ್ನೆಲುಬಿಗೂ ಇಳಿದಿತ್ತು. ಅದಾಗಿ ಹನ್ನೊಂದು ವರ್ಷ. ಆಗ ಉಡಚವ್ವ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಆಶಾ ಕೆಲಸಕ್ಕೆ ಸೇರಿದ್ದು ಎರಡು ವರ್ಷದ ಮೇಲೆ.

ಅವರ ಪಾಲಿಗೆ ಮುನ್ನೂರು ಚಿಲ್ಲರೆ ಮನೆಗಳಿವೆ. ಬಸುರಿಯರು, ಬಾಣಂತಿಯರು, ಲಸಿಕೆಯ ಕೂಸುಗಳು ದಿನದ ಕೆಲಸ. ಅಮಾವಾಸ್ಯೆಯ ಈ ಸುತ್ತು ಯಾರೂ ಹೇಳಿದ್ದಲ್ಲ. ಒಂಬತ್ತು ವರ್ಷಗಳಲ್ಲಿ ನಲವತ್ತೊಂದು ಜನರನ್ನು ತಾವೇ ಜೊತೆಗೆ ಹೋಗಿ ಹಾವೇರಿ ಮುಟ್ಟಿಸಿದ್ದಾರೆ. ಹೆಚ್ಚಿನವರಿಗೆ ಕ್ಷಯ, ಔಷಧಿಯಿಂದ ವಾಸಿಯಾಯಿತು. ಆರು ಜನರಿಗೆ ಕ್ಯಾನ್ಸರ್. ಅವರಲ್ಲಿ ಇಬ್ಬರು ಈಗಿಲ್ಲ.

ಆರನೆಯವರು ಇದೇ ಓಣಿಯ ಹಮಾಲ ಪರಮೇಶಪ್ಪ. ಕಳೆದ ಎಳ್ಳ ಅಮಾವಾಸ್ಯೆಯ ಬೆಳಗ್ಗೆ ಅವರ ಮನೆಯಿಂದ ಕೆಮ್ಮು ಕೇಳಿಸಿತು. ಉಡಚವ್ವ ಒಳಗೆ ಕಾಲಿಟ್ಟದ್ದೇ ತಡ, "ಹಬ್ಬದ ದಿನ ಎದ್ದ ಕೂಡ್ಲೆ ದವಾಖಾನಿ ಮಾರಿ ನೋಡಬೇಕೇನ ತಂಗೆವ್ವ? ಮೂವತ್ತು ವರ್ಷ ಖಾರ ಉಂಡ ಎದಿ ಇದು. ಕೆಮ್ಮೂದು ಬಿಟ್ಟು ಹಾಡ್ತೈತೇನ?" ಎಂದು ನಕ್ಕರು. ಹೆಂಡತಿ ಕರೆವ್ವ ಮಾತ್ರ ನಗಲಿಲ್ಲ. "ದೀಪಾವಳಿಯಿಂದ ಹಿಂಗ ಐತಿ," ಎಂದರು. ಬಿಳಿ ಅರಿವೆ ಹಿಡಿದು ಕೆಮ್ಮಿಸಿದಾಗ ಅದರಲ್ಲಿ ಕೆಂಪು ಎಳೆ ಕಂಡಿತು.

ಮರುದಿನ ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಬಲ ಪುಪ್ಪುಸದ ಮೇಲೊಂದು ಕಲೆ. ವೈದ್ಯೆ ಹಾವೇರಿ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದು, ಅದರ ಮೇಲ್ತುದಿಯಲ್ಲಿ ಕೆಂಪು ಶಾಯಿಯಲ್ಲಿ 'ತುರ್ತು' ಎಂದು ಬರೆದು ಗೀಟೆಳೆದರು. ಸಂಜೆ ಉಡಚವ್ವ ಹೋಗಿ ನೋಡಿದರೆ ಚೀಟಿ ಜಗಲಿಯ ಮೇಲೆ, ಕುಂಕುಮದ ಬಟ್ಟಲಿನ ಕೆಳಗೆ! "ಗುರುವಾರದ ಪೇಟಿ ಮುಗೀಲಿ, ಹೋಗ್ತೀನಿ," ಎಂದರು ಪರಮೇಶಪ್ಪ.

ಉಡಚವ್ವ ದೇವರಿಗೆ ಕೈಮುಗಿದು ಚೀಟಿ ಎತ್ತಿಕೊಂಡರು. "ದೇವರಿಗೆ ಚೀಟಿ ಇಲ್ಲದಿದ್ರೂ ಎಲ್ಲಾ ಗೊತ್ತೈತಣ್ಣ. ಹಾವೇರಿ ಡಾಕ್ಟರಗ ಗೊತ್ತಿಲ್ಲ. ನಾಳೆ ಏಳಕ್ಕ ಬಸ್‌ಸ್ಟ್ಯಾಂಡಿಗೆ ಬಾ."

"ಬರದಿದ್ರ?"

"ನಿನ್ನ ಬದಲಿ ಚೀಲ ಹೊರಾಕ ಗುರುವಾರ ನಾನ ಬರ್ತೀನಿ. ಹೆಣ್ಮಗಳ ಕಡಿಂದ ಚೀಲ ಹೊರಿಸಿದಾಂವ ಅಂತ ಹೆಸರು ತಗೊ."

ಏಳಕ್ಕೆ ಐದು ನಿಮಿಷವಿರುವಾಗಲೇ ಪರಮೇಶಪ್ಪ ಬಸ್‌ಸ್ಟ್ಯಾಂಡಿನಲ್ಲಿದ್ದರು. ಹಾವೇರಿಯಲ್ಲಿ ಸ್ಕ್ಯಾನ್, ಅಲ್ಲಿಂದ ಹುಬ್ಬಳ್ಳಿ. ಹತ್ತನೆಯ ದಿನ ಕ್ಯಾನ್ಸರ್ ಎಂದು ಖಚಿತವಾಯಿತು. ಗಡ್ಡೆ ಹಬ್ಬಿರಲಿಲ್ಲ, ಪುಪ್ಪುಸದ ಒಂದು ಭಾಗ ತೆಗೆದರು. ಇನ್ನು ಚೀಲ ಹೊರುವಂತಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರಬೇಕು.

ಇಂದು ಅವರ ಮನೆಯ ಮುಂದೆ ಉಡಚವ್ವ ಉಳಿದೆಡೆಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ. ಒಳಗೆ ಸದ್ದಿಲ್ಲ. ಆಮೇಲೆ ಪರಮೇಶಪ್ಪ ಕದ ತೆರೆಯುತ್ತಾರೆ. "ಎಷ್ಟೊತ್ತು ಕಿವಿ ಹಚ್ಚಿ ನಿಂದರ್ತಿ ತಂಗೆವ್ವ? ಹಾಡು ನಿಂತೈತಿ. ಒಳಗ ಬಾ, ನಿಮ್ಮ ವೈನಿ ಚಾ ಇಟ್ಟಾಳ."

"ಓಣಿ ಮುಗಿಸಿ ಬರ್ತೀನಣ್ಣ," ಎಂದು ಉಡಚವ್ವ ಮುಂದೆ ನಡೆಯುತ್ತಾರೆ.

ಬಿಸಿಲೇರುವ ಹೊತ್ತಿಗೆ ಓಣಿ ಮುಗಿಯುತ್ತದೆ. ತಂದ ಐದು ಅರಿವೆಗಳಲ್ಲಿ ಎರಡು, ಕೆಮ್ಮು ಕೇಳಿಸಿದ ಮನೆಗಳಲ್ಲಿ ಖರ್ಚಾಗಿವೆ. ಉಳಿದ ಮೂರನ್ನು ಮತ್ತೆ ಮಡಚಿ ಚೀಲಕ್ಕೆ ಸೇರಿಸುತ್ತ ಉಡಚವ್ವ ಹೇಳುತ್ತಾರೆ: "ನನಗ ಸನ್ಮಾನ, ಶಾಲು ಏನೂ ಬ್ಯಾಡ್ರಿ. ಒಂದ ಒಂದು ಅಮಾಸಿ, ಐದಕ್ಕ ಐದೂ ಅರಿವಿ ಹಿಂಗ ಬೆಳ್ಳಗ ಮನಿಗೆ ಒಯ್ಯಬೇಕು."