ಅಪ್ಪನ ನಡಿಗೆ, ನನ್ನ ಸೊಂಟ

ಮೂರು ವರ್ಷ ನಾನು ಎಲ್ಲರಿಗೂ ಒಂದೇ ಸುಳ್ಳು ಹೇಳಿದೆ. ಯಾಕೆ ಹೀಗೆ ಕಾಲಗಲಿಸಿ ನಡೆಯುತ್ತೀ ಎಂದು ಯಾರು ಕೇಳಿದರೂ, ಬೆನ್ನಿನ ಮಣಕಾ, ಬೆನ್ನೆಲುಬಿನ ಮಣಿ, ಸರಿದಿದೆ ಅನ್ನುತ್ತಿದ್ದೆ. ಸೊಲ್ಲಾಪುರದ ನವಿ ಪೇಠದಲ್ಲಿ ಸೀರೆ ಅಂಗಡಿ ಇಟ್ಟವರ ಮನೆಯ ಸೊಸೆ ನಾನು. ದಿನವಿಡೀ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ಮಡಚುವವಳಿಗೆ ಬರಬಹುದಾದ ಮರ್ಯಾದೆಯ ರೋಗ ಅದು. ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ.

ನೋವೇನೋ ನಿಜವಾಗಿತ್ತು. ಬೆನ್ನಿನ ಕೆಳಗೆ, ಬಲಸೊಂಟದ ಒಳಗೆ ಯಾರೋ ಹಗ್ಗ ಹೊಸೆದು ಬಿಗಿದಂತೆ ಇರುತ್ತಿತ್ತು. ಆದರೆ ಕಾರಣ ಬೇರೆ. ನರಗಳ ಡಾಕ್ಟರು ತಲೆಯ ಫೋಟೋ ತೆಗೆಸಿ, ಇದು ಅಟ್ಯಾಕ್ಸಿಯಾ ಎಂದಿದ್ದರು. ತಲೆಯ ಹಿಂಭಾಗದ ಸಣ್ಣ ಮೆದುಳು ಸವೆಯುತ್ತ ಹೋಗುತ್ತದೆ, ನಡಿಗೆಯ ಸಮತೋಲ ತಪ್ಪುತ್ತದೆ, ಮಾತು ತೊಡರುತ್ತದೆ, ಪೂರ್ತಿ ವಾಸಿಯಾಗುವುದಲ್ಲ ಎಂದು ವಿವರಿಸಿ, ತವರಿನಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ನಾನು ಇಲ್ಲ ಎಂದೆ. ಗಾಡಿ ನಿಲ್ಲಿಸಲು ಹೋಗಿದ್ದ ನನ್ನ ಗಂಡ ಒಳಗೆ ಬರುವಷ್ಟರಲ್ಲಿ ಚೀಟಿಯನ್ನು ಮಡಚಿ ಪರ್ಸಿನಲ್ಲಿ ಹಾಕಿಕೊಂಡೆ. ಅವರಿಗೂ ಮಣಕಾ ಎಂದೇ ಹೇಳಿದೆ.

ಇಲ್ಲ ಎಂದದ್ದು ಅಪ್ಪನ ಕಾರಣಕ್ಕೆ.

ನನ್ನ ತವರು ಅಕ್ಕಲಕೋಟದ ಹತ್ತಿರದ ಹಳ್ಳಿ. ಹೊಲ, ಎತ್ತು, ಆಳುಕಾಳು ಇದ್ದ ಮನೆ. ಅಪ್ಪ ಹರೆಯದಲ್ಲಿ ಕುಡಿಯುತ್ತಿದ್ದರಂತೆ. ನಾನು ಹುಟ್ಟಿದ ವರ್ಷ ಪಂಢರಪುರಕ್ಕೆ ಹೋಗಿ ತುಳಸಿ ಮಾಲೆ ಹಾಕಿಸಿಕೊಂಡು ಕುಡಿತ ಬಿಟ್ಟುಬಿಟ್ಟರು. ಆದರೆ ನನಗೆ ಹತ್ತು ವರ್ಷವಾಗುವ ಹೊತ್ತಿಗೆ ಅವರು ಓಣಿಯಲ್ಲಿ ಗೋಡೆಯಿಂದ ಗೋಡೆಗೆ ತೂರಾಡುತ್ತ ಬರತೊಡಗಿದ್ದರು. ಮಾಲೆ ಹಾಕಿಕೊಂಡು ಕುಡಿಯುತ್ತಾನೆ ಎಂದು ಊರು ಆಡಿಕೊಂಡಿತು. ಒಂದು ದಿನ ಅವ್ವ ಕಟ್ಟೆಯ ಮೇಲೆ ಕೂತ ಜನರ ಎದುರೇ ಅವರ ಕೊರಳಿನಿಂದ ಮಾಲೆ ತೆಗೆದಳು. ಅಪ್ಪ ತಡೆಯಲಿಲ್ಲ. ಕೊರಳು ಬಗ್ಗಿಸಿಕೊಟ್ಟರು.

ನಾನು ಅಕ್ಕಲಕೋಟದಲ್ಲಿ ಓದುತ್ತಿದ್ದಾಗ ಒಮ್ಮೆ ಅಪ್ಪ ಬುತ್ತಿ ತಂದರು. ಅವರು ಶಾಲೆಯ ಅಂಗಳ ದಾಟುವುದನ್ನು ಹುಡುಗಿಯರೆಲ್ಲ ನೋಡಿ ನಕ್ಕರು. ನಾನು ಇವತ್ತು ಬಂದಿಲ್ಲ ಎಂದು ಶಾಲೆಯ ಜವಾನನ ಕೈಲಿ ಹೇಳಿಸಿದೆ. ಅಪ್ಪ ಹೋಗಲಿಲ್ಲ. ಸೊಂಟ ಹಿಡಿದುಕೊಂಡಿದ್ದರಿಂದ ಹೋಗಲಾಗಲಿಲ್ಲ ಎಂದು ಈಗ ಗೊತ್ತು. ಮೆಟ್ಟಿಲ ಮೇಲೆ ಕೂತು ಟೊಂಕ ತಿಕ್ಕಿಕೊಳ್ಳುತ್ತಿದ್ದುದನ್ನು ಕಿಟಕಿಯಿಂದ ನೋಡಿದೆ. ಶಾಲೆ ಬಿಟ್ಟ ಮೇಲೆ ಹಿಂದಿನ ಬಾಗಿಲಿನಿಂದ ಹೋದೆ.

ಕಡೆಯ ಎರಡು ವರ್ಷ ಅವರು ಹಾಸಿಗೆ ಹಿಡಿದಿದ್ದರು. ಯಾರಾದರೂ ಟೊಂಕ ತಿಕ್ಕಿರಿ ಎಂದು ತೊದಲುತ್ತಿದ್ದರು. ಅದೆಲ್ಲ ನಾಟಕ ಎಂದುಕೊಂಡಿದ್ದೆವು.

ಇಂಥವನ ಮಗಳೂ ತೂರಾಡುತ್ತಾಳೆ ಎಂದು ಅತ್ತೆಯ ಮನೆಗೆ ಹೇಗೆ ಹೇಳಲಿ? ಸುಳ್ಳನ್ನೇ ಸಾಕಿದೆ. ಅದು ನನ್ನ ಮೈಯನ್ನೇ ತಿಂದಿತು. ಅತ್ತೆ ಪಾಪ, ಸೊಂಟದ ಬೆಲ್ಟು ತಂದುಕೊಟ್ಟರು. ಸಲಗರ ಬುದ್ರುಕ ಎಂಬ ಹಳ್ಳಿಯ ಕಡೆ ಮಣಕಾ ಕೂರಿಸುವವನಿದ್ದಾನೆಂದು ಕರೆದೊಯ್ದರು. ಅವನು ಹಿಮ್ಮಡಿಯಿಂದ ಬೆನ್ನು ಒತ್ತಿ, ಕಾಲು ತಿರುವಿದ. ನಾಲ್ಕು ದಿನ ಏಳಲಾಗಲಿಲ್ಲ. ಆಮೇಲೆ ಒಂದು ತಿಂಗಳು ಎಲ್ಲರೂ ನನ್ನನ್ನು ಮಲಗಿಸಿಯೇ ಇಟ್ಟರು. ಎದ್ದಾಗ ಕಾಲುಗಳು ಮೊದಲಿಗಿಂತ ಸೋತಿದ್ದವು, ನೋವು ಹಾಗೇ ಇತ್ತು.

ಕಳೆದ ವರ್ಷ ಮದುವೆಯ ಸೀಜನ್ನಿನಲ್ಲಿ, ಒಂದು ಮದುಮಗಳ ಮನೆಯವರು ಅಂಗಡಿ ತುಂಬ ಕೂತಿದ್ದಾಗ, ಸೀರೆಯ ಗಂಟು ಎತ್ತಿಕೊಂಡು ಬರುತ್ತ ಅವರ ಅಜ್ಜಿಯ ಮೇಲೆಯೇ ಬಿದ್ದೆ. ಕ್ಷಮಿಸಿ ಅನ್ನಲು ಹೋದರೆ ನಾಲಿಗೆ ಹೊರಳಲಿಲ್ಲ. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಈ ಹೆಂಗಸು ಕುಡಿದಿದ್ದಾಳೆ ಎಂದು ಮರಾಠಿಯಲ್ಲಿ ಅಂದಳು. ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ನನ್ನ ಗಂಡ ಎದ್ದು ಬಂದರು. ಎಂದೂ ಗಿರಾಕಿಗೆ ದನಿ ಏರಿಸದವರು ಅಂದು ಏರಿಸಿದರು. ಇವಳ ಮಣಕಾ ಸರಿದಿದೆ, ಮೂರು ವರ್ಷದಿಂದ ನರಳುತ್ತಿದ್ದಾಳೆ, ಬಾಯಿ ಹಿಡಿತದಲ್ಲಿರಲಿ ಎಂದರು. ಆ ಜನ ಎದ್ದು ಹೋದರು. ನನ್ನ ಸುಳ್ಳಿಗಾಗಿ ನನ್ನ ಗಂಡ ನಾಲ್ಕು ಜನರೆದುರು ಜಗಳಾಡಿದ್ದರು. ಬಿದ್ದದ್ದಕ್ಕಿಂತ ಅದಕ್ಕೇ ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ.

ಮರುದಿನ ಬೆಳಿಗ್ಗೆ ಚಹದ ಜೊತೆ ಆ ಹಳೆಯ ಚೀಟಿಯನ್ನು ಅವರ ಮುಂದಿಟ್ಟೆ. ಅಪ್ಪನ ವಿಷಯವನ್ನೂ ಹೇಳಿದೆ. ಅವರು ಚೀಟಿಯನ್ನು ಎರಡು ಸಲ ಓದಿದರು.

"ಅಂದ್ರ ಮೂರು ವರ್ಷ ನಾನೂ ಮಂದಿಗೆ ಸುಳ್ಳ ಹೇಳೀನಿ," ಎಂದರು. ಚೀಟಿಯನ್ನು ಮಡಚಿಟ್ಟು, "ನನಗರೆ ಹೇಳಬೇಕಿತ್ತು ನೀ."

ಅಷ್ಟೇ. ಮೂರನೇ ದಿನ ಫಿಜಿಯೋಥೆರಪಿಗೆ ಕರೆದುಕೊಂಡು ಹೋದರು.

ಅಲ್ಲಿದ್ದ ಡಾಕ್ಟರಬಾಯಿ ಸಣ್ಣ ವಯಸ್ಸಿನವಳು. ನನ್ನ ಬೆನ್ನನ್ನು ಮುಟ್ಟುವ ಮೊದಲು ನನ್ನನ್ನು ನಡೆಸಿ ನೋಡಿದಳು. ಬಿದ್ದೇನೆಂಬ ಹೆದರಿಕೆಗೆ ನಾನು ಇಡೀ ದಿನ ಬೆನ್ನನ್ನು ಬಿಗಿಹಿಡಿಯುತ್ತೇನೆ, ಕಾಲಗಲಿಸಿ ನಡೆಯುವುದರಿಂದ ಸೊಂಟದ ಕೀಲಿನ ಮೇಲೆ ಓರೆಯಾಗಿ ಭಾರ ಬೀಳುತ್ತದೆ, ಮಲಗಿಯೇ ಇದ್ದದ್ದರಿಂದ ಸ್ನಾಯುಗಳು ಇನ್ನೂ ಸೋತಿವೆ ಎಂದು ಹೇಳಿದಳು. ಬೆಲ್ಟು ದಿನವಿಡೀ ಬೇಡ ಎಂದಳು. ಬೆನ್ನ ಮೇಲೆ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತಿ ಇಳಿಸುವುದು, ಗಟ್ಟಿ ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು, ನೋವಿದ್ದಾಗ ಬಿಸಿನೀರಿನ ಚೀಲ, ನಡೆಯಲು ನನ್ನ ಎತ್ತರಕ್ಕೆ ಸರಿಹೊಂದಿಸಿದ ವಾಕರ್, ಇಷ್ಟು ಹೇಳಿದಳು. ಅಂಗಡಿಯಲ್ಲಿ ಗಾದಿ ಬಿಟ್ಟು ಕುರ್ಚಿಯ ಮೇಲೆ ಕೂರಲು ಹೇಳಿದಳು. ವಾಕರ್ ಹಿಡಿಯುವ ಮಾತು ಬಂದಾಗ ನಾನು ತಲೆ ತಗ್ಗಿಸಿದೆ. ಅವಳು ಕಾರಣ ಕೇಳಲಿಲ್ಲ, ಎತ್ತರ ಸರಿಮಾಡಿಕೊಟ್ಟಳು.

ಇನ್ನು ಅವ್ವನಿಗೆ ಹೇಳುವುದಿತ್ತು. ಅವ್ವ ಈಗ ಅಕ್ಕಲಕೋಟದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ವಾಕರ್ ಹಿಡಿದು ನಾನು ಒಳಗೆ ಬಂದಾಗ ಅವಳು ಶೇಂಗಾ ಒಡೆಯುತ್ತಿದ್ದಳು. ನನ್ನ ಕಾಲನ್ನೇ ನೋಡಿದಳು. ನಾನು ಕೂತು ಎಲ್ಲ ಹೇಳಿದೆ. ಇದು ತಂದೆ ತಾಯಿಯಿಂದ ಬರುವ ರೋಗ, ಅಪ್ಪನಿಗೂ ಇದೇ ಇದ್ದಿರಬೇಕು, ಅವರು ಕುಡಿದಿರಲಿಲ್ಲ ಎಂದೆ.

ಅವ್ವ ಕೈಯಲ್ಲಿದ್ದ ಶೇಂಗಾ ಹಾಗೇ ಹಿಡಿದುಕೊಂಡಿದ್ದಳು.

"ಕುಡದಿಲ್ಲ ಕುಡದಿಲ್ಲ ಅಂತ ಬಡಕೋತಿದ್ರು," ಎಂದಳು. "ದಿನಾ ಬಾಯಿ ಮೂಸಿ ನೋಡ್ತಿದ್ದೆ. ವಾಸನಿ ಬರ್ತಿದ್ದಿಲ್ಲ. ವಾಸನಿ ಬರದಂಥಾದ್ದು ಏನೋ ಕುಡೀತಾರ ಅಂತ ತಿಳಕೊಂಡೆ."

ಅವಳು ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟಳು.

"ಟೊಂಕಾ ತಿಕ್ಕು ಅಂದ್ರ ಒಂದ್ ದಿನಾನೂ ಕೈ ಹಚ್ಚಲಿಲ್ಲವ್ವಾ ನಾ."

ಅವಳು ಅಳಲಿಲ್ಲ. ಎದ್ದು ಒಳಗೆ ಹೋಗಿ ಕೊಬ್ಬರಿ ಎಣ್ಣೆ ಬಿಸಿಮಾಡಿ ತಂದಳು, ನನ್ನನ್ನು ಮಗ್ಗುಲಾಗಿ ಮಲಗಿಸಿ ಸೊಂಟ ತಿಕ್ಕಿದಳು. ಎಲ್ಲಿ ನೋಯುತ್ತದೆ ಎಂದು ಕೇಳಲಿಲ್ಲ. ಅಪ್ಪ ಕೈ ಇಟ್ಟುಕೊಳ್ಳುತ್ತಿದ್ದ ಜಾಗಕ್ಕೇ ಅವಳ ಕೈ ಹೋಯಿತು. ಶಾಲೆಯ ದಿನದ ಮಾತು ಬಾಯ ತನಕ ಬಂತು. ಹೇಳಲಿಲ್ಲ. ಅವಳು ತನ್ನದನ್ನು ಹೇಳಿಕೊಂಡಿದ್ದಳು, ನನಗೆ ಅಷ್ಟು ಎದೆ ಇರಲಿಲ್ಲ. ಇಲ್ಲಿ ಬರೆಯುತ್ತಿರುವುದೇ ಮೊದಲು.

ಈಗ ನೋವು ಹೋಗಿಲ್ಲ, ತಗ್ಗಿದೆ. ವ್ಯಾಯಾಮ ತಪ್ಪಿಸಿದ ವಾರ ಮತ್ತೆ ಬಿಗಿಯುತ್ತದೆ. ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತು ಬರೀ ಬಣ್ಣ ಆರಿಸಿಕೊಡುತ್ತೇನೆ, ಗಂಟು ಎತ್ತುವುದಿಲ್ಲ. ಗಿರಾಕಿ ಕೇಳಿದರೆ ರೋಗದ ಹೆಸರು ಹೇಳುತ್ತೇನೆ, ಆದರೆ ಹೇಳುವಾಗ ಇನ್ನೂ ಕಣ್ಣು ಕೆಳಗೇ ಇರುತ್ತದೆ.

ಮೊನ್ನೆ ತಮ್ಮ ದುಧನಿಯ ಬಾಜಾರಕ್ಕೆ ತೊಗರಿ ಹಾಕಿ ಬಂದವನು ನಮ್ಮ ಮನೆಗೆ ಬಂದಿದ್ದ. ಮೆಟ್ಟಿಲಿಳಿಯುವಾಗ ಎರಡು ಸಲ ಗೋಡೆ ಹಿಡಿದ. ಡಾಕ್ಟರಿಗೆ ತೋರಿಸಿಕೋ ಎಂದೆ. ಜೋಳದ ರಾಶಿ ಮುಗಿಯಲಿ ಅಕ್ಕಾ, ಬರೇ ನಡಾ ಹಿಡದೈತಿ ಎಂದ. ನಾನು ಅವನ ಕೈ ಬಿಡಲಿಲ್ಲ. ಸೋಮವಾರಕ್ಕೆ ನರಗಳ ಡಾಕ್ಟರ ಹತ್ತಿರ ನಂಬರು ಹಚ್ಚಿಸಿದ್ದೇನೆ, ಜೊತೆಗೆ ನಾನೂ ಹೋಗುತ್ತೇನೆ.