ಮೂಗಿಗೆ ಹಚ್ಚುವ ಮುಲಾಮು

ನಿಪ್ಪಾಣಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕು ದಿನಕ್ಕೆ ನಾಲ್ಕು ಸಲ, ಕಿಡ್ನಿ ಕೆಟ್ಟ ಗಂಡನ ಹೊಟ್ಟೆಯ ನಳಿಕೆಗೆ ಡಯಾಲಿಸಿಸ್ ಚೀಲ ಜೋಡಿಸುತ್ತಿದ್ದರು. ಆ ಹೊತ್ತಿಗೆ ಯಾರೇ ಬಂದರೂ ತೊಳೆದ ಕೈಗಳನ್ನು ಮೇಲೆತ್ತಿ, ಮೊಣಕೈಯಿಂದ ಬಾಗಿಲು ತಳ್ಳಿ, "ಹೊರಗ ಕುಂದರ್ರಿ" ಎನ್ನುತ್ತಿದ್ದರು.

ಅಷ್ಟಾದರೂ ಕಾಕಾನ ಹೊಟ್ಟೆಯೊಳಗೆ ಎರಡು ಸಲ ಸೋಂಕಾಯಿತು. ಎರಡನೆಯ ಸಲ ಅವರು ಬದುಕಿದ್ದೇ ಹೆಚ್ಚು. ಆಸ್ಪತ್ರೆಯವರು ಇಬ್ಬರ ಮೂಗನ್ನೂ ಪರೀಕ್ಷಿಸಿದರು. ಆ ಸೋಂಕಿನ ಬ್ಯಾಕ್ಟೀರಿಯಾ ಸಿಕ್ಕಿದ್ದು ಕಾಕುವಿನ ಮೂಗಿನಲ್ಲಿ. ಎಷ್ಟೋ ಜನರ ಮೂಗಿನಲ್ಲಿ ಅದು ಸುಮ್ಮನೆ ಇರುತ್ತದೆ, ನಿಮ್ಮ ತಪ್ಪಲ್ಲ ಎಂದು ನರ್ಸ್ ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಮನೆಗೆ ಬಂದವರೇ ನನ್ನ ಮುಂದೆ ಅತ್ತರು.

"ನಾನ ಅವರಿಗೆ ಜಡ್ಡ ತಂದೆ. ಇನ್ನ ಆ ಚೀಲ ನಾ ಮುಟ್ಟಂಗಿಲ್ಲ."

ಅಷ್ಟರಲ್ಲಿ ಕಾಕಾ ಗೋಡೆ ಹಿಡಿದುಕೊಂಡು ಬಂದರು. ಕೈಯಲ್ಲಿ ಆಸ್ಪತ್ರೆಯವರು ಕಾಕುವಿಗೆಂದು ಕೊಟ್ಟಿದ್ದ ಮೂಗಿನ ಮುಲಾಮು, ಹತ್ತಿಯ ಕಡ್ಡಿ.

"ಮಾರಿ ಮ್ಯಾಲೆತ್ತು."

"ನಾನ ಹಚ್ಕೋತೀನ್ರಿ."

"ನಾಕ ವರ್ಷದಾಗ ನಾ ನಿನಗೇನರ ಮಾಡೇನೇನು? ಇದೊಂದರ ಮಾಡಾಕ ಬಿಡು."

ಕಾಕು ಕಣ್ಣು ಮುಚ್ಚಿ ಮುಖ ಎತ್ತಿದರು. ಸಂಜೆ ಮಾಸ್ಕ್ ಕಟ್ಟಿಕೊಂಡು ಚೀಲ ಜೋಡಿಸಿದ್ದು ಅವರೇ. ಆ ಸೋಂಕು ಮರಳಿ ಬರಲಿಲ್ಲ.

ಐದು ದಿನಕ್ಕೆ ಮುಲಾಮು ಮುಗಿಯಿತು. ಆರನೆಯ ದಿನ ಬೆಳಿಗ್ಗೆ ನಾನು ಹೋದಾಗ, ಕಾಕಾ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಕಾಕುವಿನ ತಲೆಗೆ ಹಚ್ಚುತ್ತ ಕೂತಿದ್ದರು.