ಸೈಕಲ್ಲಿಗೆ ಬಂದ ತವರಿನ ಕರೆ

ಕೈಬರಹದ ಕಾಗದಕ್ಕೂ ಟೈಪು ಮಾಡಿದ ಕಾಗದಕ್ಕೂ ಇರುವ ಅಂತರವನ್ನು ನೀವೂ ಗಮನಿಸಿರಬಹುದು. ಕೈಬರಹದ ಕಾಗದ ಬಂದರೆ ಯಾರಿಗೋ ಕಾಯಿಲೆಯಾಗಿರುತ್ತದೆ, ಇಲ್ಲವೆ ಯಾರದೋ ಲಗ್ನ ನಿಶ್ಚಯವಾಗಿರುತ್ತದೆ. ಎರಡಕ್ಕೂ ನಾವು ಹೊರಡಲೇಬೇಕು. ಟೈಪಿನ ಕಾಗದದ ಗತ್ತೇ ಬೇರೆ. ಲಕೋಟೆಯ ಮೇಲೆ ನಮ್ಮ ಹೆಸರು, ಹುಟ್ಟಿದಾರಭ್ಯ ನಮಗೆ ಯಾರೂ ಕೊಡದಿದ್ದ ಒಂದು ‘ಮಿಸ್ಟರ್’ ಅನ್ನು ಮುಂದಿಟ್ಟುಕೊಂಡು ನೆಟ್ಟಗೆ ಕುಳಿತಿದ್ದರೆ, ಒಳಗಿನ ಒಕ್ಕಣೆಯನ್ನು ಓದುವ ಮೊದಲೇ ಎದೆ ಎರಡಂಗುಲ ಹಿಗ್ಗಿರುತ್ತದೆ. ಆಂಧ್ರ ರಾಜ್ಯವಾದ ಹೊಸದರಲ್ಲಿ ನಾನು ಆದೋನಿಯ ಹೈಸ್ಕೂಲೊಂದರಲ್ಲಿ ಕನ್ನಡ ಪಂಡಿತನಾಗಿದ್ದೆ. ಅಂಥ ಕಾಗದವೊಂದು ನನ್ನ ಪಾಲಿಗೆ ಬಂದದ್ದು ಆಗಲೇ, ಅದೇ ಮೊದಲು.

ಬರೆದವರು ನನ್ನ ಸೈಕಲ್ಲಿನ ಕಂಪನಿಯವರು. ಅವರಿಗೆ ನನ್ನ ವಿಳಾಸ ಸಿಕ್ಕದ್ದು ಹೇಗೆಂದು ಕೇಳುವಿರಾದರೆ, ಅದು ನನ್ನ ಅತಿವಿನಯದ ಫಲ. ಸೈಕಲ್ಲಿನ ಜೊತೆಗೆ ಒಂದು ಗ್ಯಾರಂಟಿ ಕಾರ್ಡು ಬಂದಿತ್ತು. ಅದನ್ನು ತುಂಬಿ ಅಂಚೆಗೆ ಹಾಕಬೇಕೆಂಬ ಸೂಚನೆಯನ್ನು ಊರಿನಲ್ಲಿ ಬೇರೆ ಯಾರೂ ಪಾಲಿಸಿದಂತೆ ಕಾಣೆ. ನಾನು ಮಾತ್ರ ಹೆಸರು, ಉದ್ಯೋಗ, ಸೀಟಿನ ಕೆಳಗೆ ಒತ್ತಿದ್ದ ಅಂಕಿಗಳು ಎಲ್ಲವನ್ನೂ ದುಂಡಗೆ ಬರೆದು ಕಳಿಸಿದ್ದೆ. ಹೀಗಾಗಿ ಕಾಗದ ಬಂದಾಗ, ಕಂಪನಿಯವರು ನನ್ನ ಅಕ್ಷರವನ್ನು ಮೆಚ್ಚಿರಬೇಕೆಂದೇ ಭಾವಿಸಿದೆ. ನನ್ನ ಇಂಗ್ಲಿಷು ಸಂಬೋಧನೆಯಲ್ಲಿ ಆರಂಭವಾಗಿ ಸಹಿಯಲ್ಲಿ ಮುಗಿಯುವಂಥದು, ನಡುವಿನ ಭಾಗ ಯಾವಾಗಲೂ ಮಬ್ಬು. ‘ಡಿಯರ್ ಸರ್’ ಎಂದಿತ್ತು, ಕೊನೆಯಲ್ಲಿ ಯಾರೋ ತಮ್ಮನ್ನು ನನ್ನ ವಿಧೇಯರೆಂದು ಕರೆದುಕೊಂಡಿದ್ದರು. ಇಷ್ಟು ಸಾಲದೆ? ಹತ್ತೂವರೆಯಿಂದ ಹನ್ನೊಂದೂವರೆಯವರೆಗೆ ಅದನ್ನು ಗುಮಾಸ್ತರಿಗೆ, ಡ್ರಿಲ್ಲು ಮಾಸ್ತರರಿಗೆ, ಕಡೆಗೆ ಗಂಟೆ ಬಾರಿಸುವವನಿಗೂ ತೋರಿಸಿದೆ. ಕೊನೆಗೆ ಇಂಗ್ಲಿಷು ಹೇಳುವ ನರಸಿಂಹುಲು ಮೇಷ್ಟರ ಕೈಗೆ ಕೊಟ್ಟಾಗ ಅವರು ಮಧ್ಯಭಾಗವನ್ನೂ ಓದಿಬಿಟ್ಟರು.

“ಪಂಡಿತುಲುಗಾರೂ, ಇದಿ ಸನ್ಮಾನಂ ಕಾದಂಡಿ,” ಎಂದು, ಅದು ಸನ್ಮಾನವಲ್ಲವೆಂಬುದನ್ನು ಮೊದಲು ತೆಲುಗಿನಲ್ಲೇ ತಿಳಿಸಿದರು ಅವರು. “ನಿಮ್ಮ ಸೈಕಲ್ ಮುಂದಿನ ಫೋರ್ಕಿನ್ಯಾಗ, ಅಂದ್ರ ಗಾಲಿ ಹಿಡಿಯೋ ಕವಲಿನ್ಯಾಗ, ಬೆಸುಗಿ ಸರಿಗಿಲ್ಲಂತ. ವಿರಿಗಿಪೋವಚ್ಚು! ಯಾವಾಗ ಬೇಕಾದ್ರೂ ಮುರೀಬಹುದು, ಯಾರೂ ಹತ್ತಬ್ಯಾಡ್ರಿ, ತಗಂಡ ಅಂಗಡಿಗೆ ವಾಪಸ್ ತರ್ರಿ, ಹೊಸಾದು ಹಾಕಿ ಕೊಡ್ತೀವಿ ಅಂತ ಬರದಾರ.”

ಎರಡಂಗುಲ ಹಿಗ್ಗಿದ್ದ ಎದೆ ನಾಲ್ಕಂಗುಲ ಕುಗ್ಗಿತು. ಏಕೆಂದರೆ ಆ ಸೈಕಲ್ಲು ಆ ಹೊತ್ತಿನಲ್ಲಿ ಪೆದ್ದಹರಿವಾಣದ ರಸ್ತೆಯಲ್ಲಿತ್ತು. ಅದರ ಮೇಲೆ, ತಮ್ಮ ಊರಾದ ಆ ಪೆದ್ದಹರಿವಾಣಕ್ಕೆ ಹೊರಟಿದ್ದ ನನ್ನ ಮಾವ ಬಸಣ್ಣನವರಿದ್ದರು. ಹಿಂದಿನ ಕ್ಯಾರಿಯರಿನಲ್ಲಿ ಒಂದು ಚೀಲ ಹತ್ತಿಬೀಜವಿತ್ತು.

ಮಾವನವರ ದೇಹವನ್ನು ವರ್ಣಿಸಲು ನಾನು ಕಲಿತ ಅಲಂಕಾರಶಾಸ್ತ್ರ ಸಾಲದು. ಅವರು ಕೂತೆದ್ದ ಹಗ್ಗದ ಮಂಚವನ್ನು ಮರುದಿನ ಬಿಗಿಯಬೇಕಾಗುತ್ತಿತ್ತು ಎಂದಷ್ಟೇ ಹೇಳಿದರೆ ಸಾಕು. ವಾರಕ್ಕೊಮ್ಮೆಯಾದರೂ ಮಗಳನ್ನು ನೋಡಲು ಬಸ್ಸಿನಲ್ಲಿ ಬರುವರು. ಹೋಗುವಾಗ ಹೇಗೋ ಬಸ್ಸು ತಪ್ಪುವುದು. ನನ್ನ ಸೈಕಲ್ಲನ್ನು ಒಯ್ಯುವರು. ಅದನ್ನು ಮರಳಿಸುವ ನೆಪದಲ್ಲಿ ಮತ್ತೆ ಬರುವರು. ಮಗಳ ಮೇಲಿನ ಈ ವಾತ್ಸಲ್ಯವನ್ನು ಕಂಡು ನಾನು ಎಷ್ಟೋ ಸಲ ಕರಗಿದ್ದೆ. ಆದರೂ ನಮ್ಮಿಬ್ಬರ ನಡುವೆ ಮಾತು ಕಡಿಮೆ. ‘ಊಟಾತೇನ್ರಿ’ ಎಂದು ಅವರು ಕೇಳಿದರೆ ‘ಆಯಿತು’ ಎಂದು ನಾನು. ‘ಮಳೆ ಹೇಗಿದೆ’ ಎಂದು ನಾನು ಕೇಳಿದರೆ ‘ಐತಿ’ ಎಂದು ಅವರು. ಮದುವೆಯಾಗಿ ಒಂದು ವರ್ಷ ಇಷ್ಟರಲ್ಲೇ ಕಳೆದಿತ್ತು.

ಹೆಡ್‌ಮಾಸ್ತರರಿಂದ ರಜೆ ಪಡೆದು ಮನೆಗೆ ಓಡಿದೆ. ನನ್ನ ಹೆಂಡತಿ ಗೌರಿ ಸುದ್ದಿ ಕೇಳಿ ಬೆಚ್ಚಿದಳಾದರೂ, ಮರುಕ್ಷಣ ಇನ್ನೊಂದು ಅಪಾಯವನ್ನು ನನ್ನ ಮುಂದಿಟ್ಟಳು.

“ಅಪ್ಪಗ ನೆಟ್ಟಗ ಹಂಗ ಹೇಳಬ್ಯಾಡ್ರಿ ಮತ್ತ. ಲಗ್ನದಾಗ ನೀವು ಏನೂ ಬ್ಯಾಡ ಅಂದ್ರೂ ತಾನಾಗಿ ತಂದುಕೊಟ್ಟ ಉಡುಗೊರಿ ಅದು. ಅದರಾಗ ಐಬು ಐತಿ ಅಂತ ನಿಮ್ಮ ಬಾಯಾಗ ಬಂದ್ರ ಆತ ಉಣ್ಣದು ಬಿಡ್ತಾನ.”

“ಹೇಳದಿದ್ದರೆ?”

“ಹೇಳದಿದ್ರ ಬೀಳ್ತಾನ! ಇನ್ನಾ ನಿಂತೀರೇನು? ಲಗೂನ ಹೋಗ್ರಿ!”

ಒಂದು ಕಡೆ ಕವಲುಭಂಗ, ಇನ್ನೊಂದು ಕಡೆ ಮಾನಭಂಗ. ಈ ಎರಡು ಭಂಗಗಳ ನಡುವೆ ಸಿಕ್ಕ ನಾನು ಬಾಡಿಗೆ ಅಂಗಡಿಯಿಂದ ಒಂದು ಸೈಕಲ್ಲನ್ನು ಹಿಡಿದು ಹೊರಟೆ. ಅದಕ್ಕೆ ಗಂಟೆಯೊಂದನ್ನು ಬಿಟ್ಟು ಉಳಿದ ಎಲ್ಲ ಭಾಗಗಳೂ ಸದ್ದು ಮಾಡುತ್ತಿದ್ದವು. ಕಚ್ಚೆಪಂಚೆ, ಕರಿಕೋಟು, ರುಮಾಲು ಧರಿಸಿದ ಪಂಡಿತನೊಬ್ಬ ಎದುರುಗಾಳಿಯಲ್ಲಿ ಒಂದು ಕೈಯಿಂದ ರುಮಾಲನ್ನೂ ಇನ್ನೊಂದರಿಂದ ಹ್ಯಾಂಡಲನ್ನೂ ಹಿಡಿದು ಹೋಗುತ್ತಿರುವ ದೃಶ್ಯವನ್ನು ನೀವೇ ಕಲ್ಪಿಸಿಕೊಳ್ಳಿ. ನನಗೆ ನೆನೆಸಿಕೊಳ್ಳಲು ಇಷ್ಟವಿಲ್ಲ. ರಸ್ತೆಯ ಪಕ್ಕದ ಗುಂಡಿ ಕಂಡಲ್ಲೆಲ್ಲ ಇಣುಕಿದೆ. ಒಂದು ಹಳ್ಳದ ದಡದ ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರನ್ನು ಕಂಡು, ದಪ್ಪನೆಯ ಹಿರಿಯರೊಬ್ಬರು ಸೈಕಲ್ ಮೇಲೆ ಹೋದರೇನು ಎಂದು ಕೇಳಿದೆ.

“ಹರಿವಾಣದ ಬಸಣ್ಣನೇನ್ರಿ?” ಎಂದಳು ಒಬ್ಬಾಕೆ, ಬಾಯಿಗೆ ಸೆರಗು ಅಡ್ಡ ಹಿಡಿದು. “ಹಾಡು ಹೇಳ್ಕೊಂತ ಹೋದಾನ್ರಿ. ಈ ಇಳಿಜಾರಿನ್ಯಾಗ ಎರಡೂ ಕೈ ಬಿಟ್ಟಿದ್ದ, ನಾವು ನೋಡಿ ನಕ್ಕು ನಕ್ಕು ಸಾಕಾತು!”

ಎರಡೂ ಕೈ! ನನ್ನ ಮುಂದೆ ಕೂತರೆ ಕಾಲು ಸಹ ಅಲ್ಲಾಡಿಸದ ಮಾವ! ನಾನು ಆ ಇಳಿಜಾರಿನಲ್ಲಿ ಸೈಕಲ್ಲಿನಿಂದ ಇಳಿದು ಅದನ್ನು ತಳ್ಳಿಕೊಂಡೇ ಹಳ್ಳ ದಾಟಿದೆ.

ಪೆದ್ದಹರಿವಾಣ ಮುಟ್ಟಿದಾಗ ಮಾವನವರು ಅಖಂಡವಾಗಿ ತಮ್ಮ ಮನೆಯೆದುರಿನ ಕಟ್ಟೆಯ ಮೇಲೆ ಕುಳಿತು ನಾಲ್ಕೈದು ಜನರೊಂದಿಗೆ ಹರಟುತ್ತಿದ್ದರು. ಸೈಕಲ್ಲು ಬೇವಿನ ನೆರಳಿನಲ್ಲಿ ನಿಂತಿತ್ತು. ಪ್ರಾಣ ಉಳಿದಿತ್ತು, ಇನ್ನು ಮಾನವನ್ನು ಉಳಿಸಬೇಕು. ನಾನು ಬಳಸುಮಾತಿನಲ್ಲಿ ಆರಂಭಿಸಿದೆ. ಲೋಹಗಳ ಸ್ವಭಾವ ವಿಚಿತ್ರವಾದುದೆಂದೆ. ವಸ್ತುಗಳಿಗೂ ಆಯುರ್ಮಾನವುಂಟೆಂದೆ. ದ್ವಿಚಕ್ರವಾಹನಗಳಲ್ಲಿ ಉತ್ತಮ, ಮಧ್ಯಮ ಎಂಬ ತಾರತಮ್ಯ ಅನಿವಾರ್ಯವೆಂದೆ. ಮಾವನವರು ಇದನ್ನೆಲ್ಲ ಗಂಭೀರವಾಗಿ ಆಲಿಸಿ, ಪಕ್ಕದವರ ಕಡೆ ತಿರುಗಿ, ಪಿಸುಮಾತೆಂದು ಅವರು ಭಾವಿಸಿದ ದನಿಯಲ್ಲಿ ಹೇಳಿದರು:

“ನಮ್ಮ ಅಳಿಯಗ ಫಟಫಟಿ ಬೇಕಾಗೈತಿ.”

ಫಟಫಟಿ ಎಂದರೆ ಆ ಕಾಲದ ಮೋಟಾರ್ ಸೈಕಲ್ಲು. ಕಟ್ಟೆಯವರೆಲ್ಲ ನನ್ನನ್ನು ನೋಡಿದರು. ನಾನು ಬೆವರಿ, ಅಲಂಕಾರಗಳನ್ನೆಲ್ಲ ಕಳಚಿ, ಕಾಗದವನ್ನು ಹೊರತೆಗೆದು, ಫೋರ್ಕಿನ ಬೆಸುಗೆ ಸರಿಯಿಲ್ಲವಂತೆ, ಮುರಿಯುವ ಸಂಭವವಿದೆಯಂತೆ ಎಂದು ಒದರಿಬಿಟ್ಟೆ.

ಮಾವನವರ ಮುಖ ಕಪ್ಪಾಯಿತು. “ನಾ ಕೊಟ್ಟ ಗಾಡಿಗೆ ಐಬಾ? ಎಲ್ಲೈತಿ ಐಬು? ನೋಡ್ರಿ ಇಲ್ಲೆ!” ಎಂದವರೇ ಸೈಕಲ್ಲನ್ನೇರಿ ಕಟ್ಟೆಯನ್ನು ಸುತ್ತತೊಡಗಿದರು. ಸುತ್ತಿದ್ದಷ್ಟೇ ಅಲ್ಲ, ಅದರ ಗಟ್ಟಿತನ ಊರಿಗೆಲ್ಲ ತಿಳಿಯಲೆಂದು ಹ್ಯಾಂಡಲನ್ನು ಎಳೆದು ಮುಂದಿನ ಗಾಲಿಯನ್ನು ಎತ್ತೆತ್ತಿ ಕುಕ್ಕಿದರು. ‘ಮಾವನವರೇ, ಇಳಿಯಿರಿ’ ಎನ್ನುತ್ತ ನಾನು ಹಿಂದೆ ಓಡಿದೆ. ಅವರು ಜೋರು ಮಾಡಿದರು. ಎರಡನೆಯ ಸುತ್ತಿಗೆ ನನ್ನ ರುಮಾಲು ಬಿತ್ತು. ಮೂರನೆಯ ಸುತ್ತಿಗೆ ಬೇರೆ ಉಪಾಯ ತೋಚದೆ ನಾನು ಅವರ ದಾರಿಗಡ್ಡ ಧೂಳಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಕಣ್ಣು ಮುಚ್ಚಿಬಿಟ್ಟೆ. ಬ್ರೇಕು ಕಿರುಗುಟ್ಟಿತು. ಕಣ್ಣು ತೆರೆದಾಗ ಮುಂದಿನ ಗಾಲಿ ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಗದ್ದಲ ಕೇಳಿ ಹೊರಗೆ ಬಂದಿದ್ದ ನನ್ನ ಅತ್ತೆಯವರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಕಲಿತ ಅಳಿಯ ಮಣ್ಣಾಗ ಕುಂತಾನಂದ್ರ ಏನೋ ಇರಬೇಕು,” ಎಂದು ಅವರು ಗಂಡನಿಗೆ ಹೇಳಿದರು. “ಇಳೀರಿ ಕೆಳಗ. ಮೌನೇಶಪ್ಪನ್ನ ಕರೀರಿ, ಆತ ನೋಡ್ಲಿ.”

ಮೌನೇಶಪ್ಪ ಊರಿನ ಕಮ್ಮಾರ, ಹೆಸರಿಗೆ ತಕ್ಕಂತೆ ಮಿತಭಾಷಿ. ಫೋರ್ಕಿನ ಬೆಸುಗೆಯ ಮೇಲಿನ ಬಣ್ಣವನ್ನು ಕೆರೆದ. ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟ. ಬಟ್ಟೆಯಿಂದ ಒಣಗುವಂತೆ ಒರೆಸಿದ. ಆಮೇಲೆ ನನ್ನ ಕಡೆ ಕೈ ಚಾಚಿ, “ಮಾಸ್ತರ್ರ, ಸೀಮಿಸುಣ್ಣ ಐತೇನ್ರಿ?” ಎಂದ. ನನ್ನ ಕೋಟಿನ ಜೇಬಿನಲ್ಲಿ ಅದಕ್ಕೆ ಎಂದೂ ಬರವಿಲ್ಲ. ಅದನ್ನು ಪುಡಿಮಾಡಿ ಬೆಸುಗೆಯ ಸುತ್ತ ಬಳಿದು, ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ನಾಲ್ಕು ಬಾರಿ ತಟ್ಟಿದ. ನಾವೆಲ್ಲ ಬಗ್ಗಿ ನೋಡುತ್ತಿದ್ದಂತೆ, ಆ ಬಿಳಿಯ ಪುಡಿಯ ನಡುವೆ ಒಳಗೆ ಇಳಿದಿದ್ದ ಎಣ್ಣೆ ಮೇಲೆ ಜಿನುಗಿ, ಕೂದಲೆಳೆಯಷ್ಟು ತೆಳ್ಳಗಿನ ಒಂದು ಕಪ್ಪು ಗೆರೆ ಮೂಡಿತು. ಅದು ಕೊಳವೆಯ ಅರ್ಧ ಸುತ್ತಳತೆಯನ್ನು ಆವರಿಸಿತ್ತು.

“ಸೀಳೈತಿ,” ಎಂದ ಮೌನೇಶಪ್ಪ. ಆ ದಿನ ಅವನು ಆಡಿದ ಎರಡನೆಯ ಮಾತು ಅದೇ, ಕೊನೆಯದೂ ಅದೇ.

ಮಾವನವರು ಆ ಗೆರೆಯನ್ನು ಬೆರಳಿನಿಂದ ಮುಟ್ಟಿದರು, ಬೆರಳನ್ನು ನೋಡಿಕೊಂಡರು, ಕಟ್ಟೆಯ ಮೇಲೆ ಕುಸಿದು ಕುಳಿತರು. “ಹೋದ ಸಂತಿಗೆ ಗೌರೀನ ಇದರ ಹಿಂದ ಕುಂದ್ರಿಸ್ಕೊಂಡು ಹೋಗಿದ್ನೆಪ್ಪಾ,” ಎಂದರು. ಅಷ್ಟು ದೊಡ್ಡ ದೇಹದಿಂದ ಅಷ್ಟು ಸಣ್ಣ ದನಿ ಬರಬಹುದೆಂದು ನಾನು ತಿಳಿದಿರಲಿಲ್ಲ. ಒಂದು ವರ್ಷದಲ್ಲಿ ಮೊದಲ ಬಾರಿಗೆ, ಕೇಳದೆಯೇ ನಾನು ಅವರ ಪಕ್ಕ ಕುಳಿತೆ.

ಮರುದಿನ ಬೆಳಿಗ್ಗೆ ಸೈಕಲ್ಲನ್ನು ಆದೋನಿಗೆ ಒಯ್ಯಬೇಕಾಯಿತು. ಹೆಣ್ಣನ್ನು ತವರಿಗೆ ಕರೆಯುವುದುಂಟು. ನನ್ನ ಸೈಕಲ್ಲಿಗೂ ಹುಟ್ಟಿದ ಮನೆಯಿಂದ ಕರೆ ಬಂದಿದೆ ಎಂದು ನಾನು ಅತ್ತೆಯವರಿಗೆ ಹೇಳಿದಾಗ ಅವರು ನಕ್ಕು, ಅದರ ಹಣೆಗೆ, ಎಂದರೆ ದೀಪದ ಬುರುಡೆಗೆ, ಕುಂಕುಮವಿಟ್ಟೇ ಕಳಿಸಿದರು. ಎತ್ತಿನ ಗಾಡಿಯಲ್ಲಿ ಹಾಕೋಣವೆಂದರೆ ಮಾವನವರು ಒಪ್ಪಲಿಲ್ಲ. “ನಾ ತಂದೀನಿ, ನಾನ ನಡಿಸ್ಕೊಂಡು ಹೋಗ್ತೀನಿ,” ಎಂದರು. ಅವರು ನಡೆಯುತ್ತಿರುವಾಗ ನಾನು ಬಾಡಿಗೆಯ ಸೈಕಲ್ಲನ್ನೇರುವುದುಂಟೆ? ಹೀಗಾಗಿ ನಾವಿಬ್ಬರು ಗಂಡಸರು ಎರಡು ಸೈಕಲ್ಲುಗಳನ್ನು ತಳ್ಳಿಕೊಂಡು ಅಷ್ಟು ದೂರ ನಡೆದೇ ಹೊರಟೆವು. ಎದುರಿಗೆ ಬಂದವರೆಲ್ಲ “ಪಂಚರಾ?” ಎಂದು ಕೇಳುವರು. “ಎರಡೂ?” ಎಂದು ಮತ್ತೆ ಕೇಳುವರು. ಮೊದಲು ವಿವರಿಸುತ್ತಿದ್ದೆವು. ಆಮೇಲೆ ‘ಹೂಂ’ ಎನ್ನುತ್ತಿದ್ದೆವು. ಕೊನೆಕೊನೆಗೆ ಯಾರಾದರೂ ದೂರದಲ್ಲಿ ಕಂಡೊಡನೆ ಮಾವನವರೇ “ಎರಡೂ ಪಂಚರ್ರೀ!” ಎಂದು ಕೂಗತೊಡಗಿದರು, ನನಗೆ ನಗು ತಡೆಯದಾಯಿತು.

ನಗು ಮಾತಿಗೆ ದಾರಿ ಮಾಡಿತು. ಹಳ್ಳದ ಬಳಿ ಬುತ್ತಿ ಬಿಚ್ಚಿ ಸಜ್ಜೆರೊಟ್ಟಿ ಮುರಿಯುತ್ತ ಅವರೆಂದರು: “ಮಾಸ್ತರ್ರ, ಒಂದು ಖರೆ ಹೇಳ್ತೀನಿ, ಗೌರಿಗೆ ಹೇಳಬ್ಯಾಡ್ರಿ. ಇದನ್ನ ನಿಮಗಂತ ತಂದೀನಿ ಅನ್ನೋದು ಅರ್ಧ ಸುಳ್ಳು. ಅಂಗಡ್ಯಾಗ ನೋಡಿದ ಕೂಡ್ಲೆ ನನಗ ಬೇಕನಿಸ್ತು. ಈ ವಯಸ್ಸಿನ್ಯಾಗ ನಾ ತಗಂಡ್ರ ಊರಾಗ ನಗ್ತಾರ. ಅದಕ್ಕ ಮಗಳ ಲಗ್ನದಾಗ ಉಡುಗೊರಿ ಅಂತ ತಂದೀನಿ.”

ಓದುಗರೇ, ನಾನು ಒಂದು ವರ್ಷ ಯಾವ ವಾತ್ಸಲ್ಯಕ್ಕೆ ಕರಗಿದ್ದೆನೋ ಅದು ಅರ್ಧ ಮಗಳಿಗೆ, ಅರ್ಧ ಸೈಕಲ್ಲಿಗೆ ಸೇರಿದ್ದೆಂದು ಆಗ ತಿಳಿಯಿತು. ಇದಕ್ಕೆ ಪ್ರತಿಯಾಗಿ ನಾನೂ ತಪ್ಪೊಪ್ಪಿಕೊಂಡೆ: ನನಗೆ ಸೈಕಲ್ಲೆಂದರೆ ಭಯ, ಇಳಿಜಾರು ಬಂದರೆ ಇಳಿಯುತ್ತೇನೆ, ಏರು ಬಂದರೆ ಇಳಿಯುತ್ತೇನೆ, ಎದುರಿಗೆ ಎಮ್ಮೆ ಬಂದರಂತೂ ಎಮ್ಮೆಗಿಂತ ಮೊದಲೇ ಹೊಲಕ್ಕೆ ಇಳಿಯುತ್ತೇನೆ, ಅವರು ಒಯ್ದ ದಿನಗಳಲ್ಲಿ ನಿಶ್ಚಿಂತೆಯಿಂದ ನಡೆದುಕೊಂಡು ಶಾಲೆಗೆ ಹೋಗುತ್ತಿದ್ದೆ. ಮಾವನವರು ರೊಟ್ಟಿ ಗಂಟಲಲ್ಲಿ ಸಿಕ್ಕು ಕೆಮ್ಮುವಷ್ಟು ನಕ್ಕರು. ನಾನು ಅವರ ಬೆನ್ನು ತಟ್ಟಿದೆ. ಹಿರಿಯರ ಬೆನ್ನನ್ನು ಹಾಗೆ ತಟ್ಟಬಹುದೆ ಎಂಬ ಧರ್ಮಸೂಕ್ಷ್ಮ ನೆನಪಾದದ್ದು ತಟ್ಟಿಯಾದ ಮೇಲೆ. ಒಂದು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಕುಂದಿಲ್ಲದವರಂತೆ ತೋರಿಸಿಕೊಂಡು ಸುಮ್ಮನೆ ಕುಳಿತಿದ್ದೆವು. ಇಬ್ಬರ ಕುಂದುಗಳೂ ಬಯಲಾದ ಮೇಲೆ ಆದೋನಿಯ ಗುಡ್ಡ ಕಾಣುವವರೆಗೂ ಮಾತು ನಿಲ್ಲಲಿಲ್ಲ.

ಅಂಗಡಿಯವರು ಕಾಗದವನ್ನು ಎರಡು ಸಲ ಓದಿ, ಸೈಕಲ್ಲನ್ನು ಒಳಗಿಟ್ಟುಕೊಂಡರು. ಹೊಸ ಫೋರ್ಕು ರೈಲಿನಲ್ಲಿ ಬರಲು ಕೆಲವು ವಾರ ಹಿಡಿಯಿತು. ಆ ವಾರಗಳಲ್ಲೂ ಮಾವನವರು ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋದರು, ಒಮ್ಮೆಯೂ ಬಸ್ಸು ತಪ್ಪಲಿಲ್ಲ. ಫೋರ್ಕು ಜೋಡಿಸಿದ ದಿನ ನಾನು ಮೊದಲು ಏರಲು ಹೋದರೆ ಅವರು ತಡೆದರು. “ಮೊದಲ ನಾ ನೋಡ್ತೀನಿ. ನಾ ಹತ್ತಿದ್ದಕ್ಕ ತಡೀತಂದ್ರ ಯಾರು ಹತ್ತಿದ್ರೂ ತಡೀತೈತಿ,” ಎಂದು ಬೀದಿಯ ತುದಿಯವರೆಗೆ ಹೋಗಿ ಬಂದು, ಕ್ಯಾರಿಯರನ್ನು ತೋರಿಸಿ, “ಕುಂದರ್ರಿ,” ಎಂದರು.

ಕುಳಿತೆ. ಆದೋನಿಯ ಪೇಟೆಯ ನಡುವೆ, ನನ್ನ ವಿದ್ಯಾರ್ಥಿಗಳೆಲ್ಲ “ನಮಸ್ಕಾರ ಸಾರ್” ಎನ್ನುತ್ತಿರಲು, ಮಾವನವರ ಸೊಂಟವನ್ನು ಎರಡೂ ಕೈಗಳಿಂದ ಅಪ್ಪಿಕೊಂಡು, ತಲೆಯಾಡಿಸಿ ಮಾತ್ರ ಪ್ರತಿವಂದನೆ ಸಲ್ಲಿಸುತ್ತ ಮನೆ ಸೇರಿದೆ. ಬಾಗಿಲಲ್ಲಿ ನಿಂತಿದ್ದ ಗೌರಿ ನಮ್ಮನ್ನು ಕಂಡು ಚೌಕಟ್ಟನ್ನು ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು ಮೆಟ್ಟಿಲಿಳಿದು ಬಂದು, ಸೆರಗನ್ನು ಸೊಂಟಕ್ಕೆ ಬಿಗಿದು, ಹ್ಯಾಂಡಲಿನ ಮೇಲೆ ಕೈಯಿಟ್ಟಳು.

“ಇಬ್ರೂ ಇಳೀರಿ,” ಎಂದಳು. “ಇನ್ನ ನನ್ನ ಪಾಳಿ.”

ಮಾವನವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವಳು ಏರಿದ ಮೇಲೆ ಅವರು ಸೀಟಿನ ಎಡಕ್ಕೂ ನಾನು ಬಲಕ್ಕೂ ನಿಂತು, ಗಟ್ಟಿಯಾಗಿ ಹಿಡಿದುಕೊಂಡು, ಅವಳು “ಬಿಡ್ರಿ, ಬಿಡ್ರಿ!” ಎಂದು ಕೂಗುವವರೆಗೂ ಬೀದಿಯುದ್ದಕ್ಕೂ ಓಡಿದೆವು.